ಹೊಲದಲ್ಲಿ ಸಾಯದ ಕರಿಕೆ ಅಂಗಳದಲ್ಲಿ ಯಾಕೆ ಒಣಗುತ್ತದೆ?

ಬಾಗಲಕೋಟೆ, ವಿಜಯಪುರದ ಕಡೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇದ್ದವರಿಗೆ ಕರಿಕೆಯ (ಗರಿಕೆ ಹುಲ್ಲಿನ) ಬಗ್ಗೆ ನಾನು ಹೇಳಬೇಕಿಲ್ಲ. ಒಮ್ಮೆ ಹೊಲಕ್ಕೆ ಬಿತ್ತು ಅಂದರೆ ನೇಗಿಲು ಹೊಡೆದರೂ ಹೋಗುವುದಿಲ್ಲ. ಆಳು ಹಚ್ಚಿ ಅಗೆಸಬೇಕು. ಒಂದು ಗೆಣ್ಣು ಉಳಿದರೂ ಸಾಕು, ಮತ್ತೆ ಹಬ್ಬುತ್ತದೆ. ನರ್ಸರಿಯಲ್ಲಿ ಬರ್ಮುಡಾ ಅಂತ ಮಾರುವ ಹುಲ್ಲು ಇದೇ ಕರಿಕೆಯ ಬಳಗ. ಗಣಪ್ಪನಿಗೆ ಏರಿಸುವುದೂ ಇದನ್ನೇ. ಹೊಲದಲ್ಲಿ ಹನಿ ನೀರು ಕೊಡದಿದ್ದರೂ ಬದುಕುವ ಈ ಹುಲ್ಲು, ಮನೆ ಮುಂದೆ ದಿನಾ ನೀರು ಕುಡಿದೂ ಬೋಳಾಗುತ್ತದೆ.

ನವನಗರದಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋಗಿದ್ದೆ. "ದಿನಾ ಸಂಜಿಗೆ ತಪ್ಪದ ನೀರು ಹಾಕತೀನ್ರಿ ಸರ್, ಆದ್ರೂ ಹಳದಿ ಆಗಾಕತ್ತೇತಿ" ಅಂದರು. ಕುರ್ಪಿ ಹಾಕಿ ಅಂಗೈ ಅಗಲದ ಹುಲ್ಲನ್ನು ಮಣ್ಣಿನ ಸಮೇತ ಎತ್ತಿ ಮಗುಚಿದೆ. ಮೇಲಿನ ಒಂದು ಇಂಚು ಮಾತ್ರ ಒದ್ದೆ. ಬೇರುಗಳೆಲ್ಲ ಅಷ್ಟರಲ್ಲೇ ಜಡೆ ಹೆಣೆದ ಹಾಗೆ ಸುತ್ತಿಕೊಂಡಿತ್ತು. ಅದರ ಕೆಳಗಿನ ಮಣ್ಣು ಇಟ್ಟಂಗಿಯಷ್ಟು ಗಟ್ಟಿ, ಒಂದು ಎಳೆ ಬೇರೂ ಇಲ್ಲ. ಮಾಸ್ತರರು ಕುಕ್ಕರಗಾಲಲ್ಲಿ ಕೂತು ಬೆರಳಿಂದ ಒತ್ತಿ ನೋಡಿದರು.

ನೀರು ಎಲ್ಲಿದೆಯೋ ಬೇರು ಅಲ್ಲೇ ನಿಲ್ಲುತ್ತದೆ. ದಿನಾ ಪೈಪ್ ಹಿಡಿದು ಹತ್ತು ನಿಮಿಷ ಸಿಂಪಡಿಸಿದರೆ ಬೇರಿಗೆ ಕೆಳಗಿಳಿಯುವ ಕೆಲಸವೇ ಇರುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದ ದಿನ ಆ ಒಂದು ಇಂಚು ಮಧ್ಯಾಹ್ನದೊಳಗೆ ಒಣಗುತ್ತದೆ. ಹುಲ್ಲಿಗೆ ಬೇರೆ ದಾರಿ ಇಲ್ಲ ಅಲ್ವಾ?

ಹಾಗಾಗಿ ಅಪರೂಪಕ್ಕೆ ಕೊಡಿ, ಆಳಕ್ಕೆ ಇಳಿಯುವಷ್ಟು ಕೊಡಿ. ಒಂದು ಸಲಕ್ಕೆ 25 ಮಿ.ಮೀ. ಅಂದರೆ 100 ಚದರ ಅಡಿಗೆ ಸುಮಾರು 230 ಲೀಟರ್, 15 ಲೀಟರಿನ ಬಕೆಟ್ ಹದಿನೈದು. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಇಷ್ಟು ಸಾಕು. ಎರೆ ಮಣ್ಣು ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಒಮ್ಮೆಲೇ ಬಿಟ್ಟರೆ ಹರಿದು ಗಟಾರ ಸೇರುತ್ತದೆ. ಕಾಲು ತಾಸು ಬಿಡಿ, ಅರ್ಧ ತಾಸು ನಿಲ್ಲಿಸಿ, ಮತ್ತೆ ಬಿಡಿ. ಬೆಳಗ್ಗೆಯೇ ಕೊಡಿ. ಸಂಜೆ ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆ ಇದ್ದು ಬೂಷ್ಟು ರೋಗ ಹತ್ತುತ್ತದೆ. ಬೋರಿನ ಸವಳು ನೀರಾದರೂ ಹೀಗೆ ಕೊಟ್ಟರೆ ಉಪ್ಪು ಬೇರಿನ ಕೆಳಗೆ ಇಳಿಯುತ್ತದೆ. ಸಿಂಪಡಿಸಿದರೆ ಮೇಲೆ ಬೆಳ್ಳಗೆ ಕಟ್ಟುತ್ತದೆ.

ಮತ್ತೆ ಯಾವಾಗ ಕೊಡಬೇಕು? ಹುಲ್ಲಿನ ಮೇಲೆ ನಡೆದು ತಿರುಗಿ ನೋಡಿ. ಹೆಜ್ಜೆ ಗುರುತು ಹಾಗೇ ಉಳಿದಿದ್ದರೆ, ಎಲೆ ಮಡಚಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಆಗ. ಮಣ್ಣು ಬಿರುಕು ಬಿಡುವವರೆಗೆ ಕಾಯಬೇಡಿ, ಬಿರುಕು ಬೇರನ್ನೇ ಹರಿಯುತ್ತದೆ. ಇಷ್ಟು ದಿನ ದಿನಾ ಕೊಟ್ಟವರು ಏಪ್ರಿಲ್‌ನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಒಂದೊಂದೇ ದಿನ ಅಂತರ ಹೆಚ್ಚಿಸಿ.

ಬೇರು ಇಳಿಯಲು ದಾರಿ ಮಾಡಿಕೊಡುವ ಕಾಲ ಮಿರಗದ ಮಳೆ, ಅಂದರೆ ಜೂನ್‌ನ ಮೃಗಶಿರಾ ಮಳೆ. ಮೊದಲ ಒಂದೆರಡು ಮಳೆಗೆ ಮಣ್ಣು ಮೆದುವಾದಾಗ ಹಲ್ಲಿನ ಸಲಾಕೆಯಿಂದ ಗೇಣಿಗಿಂತ ಕಡಿಮೆ ಅಂತರದಲ್ಲಿ ನಾಲ್ಕು ಇಂಚು ಆಳದ ತೂತು ಹಾಕಿ, ದಪ್ಪ ಮರಳು ಮತ್ತು ಜರಡಿ ಹಿಡಿದ ಎರೆಹುಳು ಗೊಬ್ಬರ ತುಂಬಿ. ಹಸಿ ತಿಪ್ಪೆ ಗೊಬ್ಬರ ಮಾತ್ರ ಬೇಡ, ಅದರ ಜೊತೆ ಕಸದ ಬೀಜಗಳೂ ಬರುತ್ತವೆ. ನಮ್ಮದು ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣು, ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ನನಗೆ ಹಿಡಿಸುತ್ತದೆ. 100 ಚದರ ಅಡಿಗೆ 200 ಗ್ರಾಂ, ಎಲೆ ಮೇಲೆ ತೇವ ಇಲ್ಲದಾಗ ಎರಚಿ ಕೂಡಲೇ ನೀರು ಕೊಡಿ. ನೀರು ಸರಿಯಿದ್ದೂ ಎಳೆ ಎಲೆ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಜೋಪಾನ.

ಕತ್ತರಿಸುವಾಗ ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಒಂದೂವರೆ ಇಂಚಿಗಿಂತ ಮೇಲೇ ಬಿಡಿ, ಎಲೆಯ ನೆರಳು ಮಣ್ಣಿಗೆ ಬೇಕು. ಕಾರ್ಪೆಟ್ ತರಹ ಬೋಳಿಸಿದರೆ ಬೇರೂ ಮೋಟಾಗುತ್ತದೆ. ಜೇಕು ಅನ್ನುವ ಕಸ ಬಂದರೆ ಸುಮ್ನೆ ಮೇಲೆ ಕೀಳಬೇಡಿ. ಗಡ್ಡೆ ಸಮೇತ ಬರಬೇಕು, ಇಲ್ಲದಿದ್ದರೆ ಅಲ್ಲೇ ಮತ್ತೆ ಚಿಗುರುತ್ತದೆ.

ಎಳ್ಳಮಾವಾಸ್ಯೆ ಹೊತ್ತಿಗೆ ಹುಲ್ಲು ಮಂಕಾಗುತ್ತದೆ. ಸತ್ತಿಲ್ಲ, ಚಳಿಗೆ ಮಲಗಿದೆ. ಗೊಬ್ಬರ ಸುರಿದು ಎಬ್ಬಿಸಬೇಡಿ. ನೀರು ಹತ್ತು ಹನ್ನೆರಡು ದಿನಕ್ಕೊಮ್ಮೆ ಸಾಕು.

ಮಾಸ್ತರರು ಕೊನೆಗೆ ಬೇವಿನ ಮರದ ಬುಡ ತೋರಿಸಿ, "ಇಲ್ಲೂ ಹುಲ್ಲು ಬರಬೇಕ್ರಿ" ಅಂದರು. ಕರಿಕೆಗೆ ದಿನಕ್ಕೆ ಆರು ತಾಸು ಬಿಸಿಲಾದರೂ ಬೇಕು. ಅಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿರಿ ಅಂತ ಹೇಳಿ ಬಂದೆ.