ನಕ್ಷೆಯಿಂದ ಅಳಿಸಿಹೋದ ಹಳ್ಳ

ಪುರಸಭೆಯ ತಿಂಗಳ ಸಾಮಾನ್ಯ ಸಭೆ. ಬೀದಿದೀಪದ ಬಿಲ್ಲು, ಸಂತೆ ಮೈದಾನದ ಸುಂಕದ ಹರಾಜು, ಪೌರಕಾರ್ಮಿಕರ ಸಂಬಳ ಎಲ್ಲ ಮುಗಿದು, ಊಟದ ಹೊತ್ತು ಮೀರುತ್ತಿರುವಾಗ ಹತ್ತೊಂಬತ್ತನೆಯ ವಿಷಯ ಬಂತು: ಕೆರೆಯ ಮೇಲ್ಭಾಗದ ಹನ್ನೆರಡು ಎಕರೆ ಜಮೀನಿನಲ್ಲಿ ವಸತಿ ಬಡಾವಣೆ. ಯೋಜನಾ ಸಲಹೆಗಾರನಾಗಿ ನಾನು ಮೂಲೆಯ ಕುರ್ಚಿಯಲ್ಲಿದ್ದೆ. ಮುಖ್ಯಾಧಿಕಾರಿಗಳು ಓದಿ ಮುಗಿಸುವ ಮೊದಲೇ ಎರಡು ಮೂರು ಕಡೆಯಿಂದ ‘ಮಂಜೂರು, ಮಂಜೂರು’ ಎಂಬ ದನಿ ಎದ್ದಿತು. ಆಗ ಮೊದಲ ಬಾರಿಗೆ ಆಯ್ಕೆಯಾಗಿ ಬಂದಿದ್ದ ಸದಸ್ಯೆಯೊಬ್ಬರು ಎದ್ದು ಬಂದು, ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: “ನಾವು ಚಿಕ್ಕವರಿದ್ದಾಗ ಇಲ್ಲೊಂದು ಹಳ್ಳ ಹರಿಯುತ್ತಿತ್ತು. ಈ ನಕ್ಷೆಯಲ್ಲಿ ಅದು ಎಲ್ಲಿದೆ?”

ಯಾರ ಬಳಿಯೂ ಉತ್ತರವಿರಲಿಲ್ಲ. ಅವರ ಬೆರಳಿದ್ದ ಜಾಗದಲ್ಲಿ 41ರಿಂದ 52ರವರೆಗೆ ನಿವೇಶನಗಳಿದ್ದವು.

ಊರಿನ ಕೆರೆ ಉಳಿಸುವ ಮಾತು ಬಂದಾಗಲೆಲ್ಲ ನನಗೆ ಆ ಬೆರಳು ನೆನಪಾಗುತ್ತದೆ. ಕೆರೆ ಹಾಳಾಯಿತು ಎಂದು ನಾವು ಏರಿಯ ಮೇಲೆ ನಿಂತು ಮರುಗುತ್ತೇವೆ. ಆದರೆ ಅದು ಹಾಳಾಗಲು ತೊಡಗಿದ್ದು ಹತ್ತು ವರ್ಷ ಹಿಂದೆ, ಒಂದು ಮೈಲಿ ಮೇಲೆ, ಇಂಥದೇ ಸಭೆಯ ಇಂಥದೇ ಒಂದು ಕಡತದಲ್ಲಿ. ಕೆರೆಯನ್ನು ಉಳಿಸುವ ಅಥವಾ ಕಳೆಯುವ ನಿಜವಾದ ಗಳಿಗೆ ಬಡಾವಣೆಯ ಅನುಮೋದನೆಯ ಗಳಿಗೆ. ಇಪ್ಪತ್ತು ವರ್ಷಗಳ ಕೆಲಸದಲ್ಲಿ ನನಗೆ ಇದಕ್ಕಿಂತ ಖಚಿತವಾದ ತಿಳಿವು ಬೇರೊಂದಿಲ್ಲ.

ಸಭೆಯ ಮರುದಿನ ಗ್ರಾಮ ನಕ್ಷೆ ತರಿಸಿದೆವು. ಮೈಲಿಗೆ ಎಂಟು ಅಂಗುಲದ ಅಳತೆಯ ಹಳೆಯ ನಕ್ಷೆ. ಅದರಲ್ಲಿ ಆ ಸರ್ವೆ ನಂಬರನ್ನು ಸೀಳಿಕೊಂಡು ಹಳ್ಳದ ಗೆರೆ ನೇರ ಕೆರೆಗೆ ಇಳಿದಿತ್ತು. ಜಮೀನಿನ ವಿಸ್ತೀರ್ಣ ದಾಖಲಿಸುವ ಆಕಾರಬಂದ್‌ನಲ್ಲಿ ಹದಿನಾಲ್ಕು ಗುಂಟೆ ‘ಬಿ’ ಖರಾಬು. ಓದುಗರು ಈ ಪದವನ್ನು ನೆನಪಿಟ್ಟುಕೊಳ್ಳಬೇಕು. ಸಾಗುವಳಿಗೆ ಬಾರದ ಜಾಗವನ್ನು ಕಂದಾಯ ಇಲಾಖೆ ಎರಡಾಗಿ ವಿಂಗಡಿಸುತ್ತದೆ. ‘ಎ’ ಖರಾಬು ಹಿಡುವಳಿದಾರನ ಜಮೀನಿನೊಳಗಿನ ಬಂಡೆ, ಕಣ, ಮನೆಯ ಜಾಗದಂಥದ್ದು. ‘ಬಿ’ ಖರಾಬು ದಾರಿ, ಹಳ್ಳ, ಕಾಲುವೆಯಂತೆ ಸಾರ್ವಜನಿಕರಿಗೆ ಸೇರಿದ್ದು. ಸುತ್ತಲಿನ ಜಮೀನು ಯಾರ ಹೆಸರಿನಲ್ಲಿದ್ದರೂ ಅದು ಮಾರಾಟಕ್ಕೆ ಬರುವುದಿಲ್ಲ. ಹದಿನಾಲ್ಕು ಗುಂಟೆ ಎಂದರೆ 15,246 ಚದರ ಅಡಿ. ಮೂವತ್ತು–ನಲವತ್ತರ ಹನ್ನೆರಡು ನಿವೇಶನ. 41ರಿಂದ 52.

ಅಳೆಯಲು ಹೋದ ದಿನ ಬಿರುಬೇಸಿಗೆ. ನೆಲ ಕಾದು ಬಿರುಕು ಬಿಟ್ಟಿತ್ತು, ಹಳ್ಳದ ಸುಳಿವು ಕಣ್ಣಿಗೆ ಕಾಣುತ್ತಿರಲಿಲ್ಲ. ಜೆಸಿಬಿ ಒಂದೇ ವಾರದಲ್ಲಿ ಮಟ್ಟಸ ಮಾಡಿತ್ತು. ಭೂಮಾಪಕರು ಮೂಲೆಕಲ್ಲು ಹುಡುಕಿ ಸರಪಳಿ ಎಳೆದು ಅಳೆದ ಜಾಗದಲ್ಲಿ ಗುದ್ದಲಿಯಿಂದ ಎರಡು ಅಡಿ ಅಗೆಸಿದರು. ಮೇಲಿನ ಕೆಂಪು ಮಣ್ಣು ಸರಿದ ಮೇಲೆ ಕೆಳಗೆ ಸಣ್ಣ ಮರಳು, ಮರಳಿನ ನಡುವೆ ಬಿಳಿ ಬಸವನಹುಳುವಿನ ಚಿಪ್ಪುಗಳು. ನಕ್ಷೆಯ ಗೆರೆ ಸುಳ್ಳಲ್ಲ ಎಂದು ನೆಲವೇ ಹೇಳುತ್ತಿತ್ತು.

ಇನ್ನು ಕಾನೂನಿನ ಮಾತು. ‘ಜೌಗು ಪ್ರದೇಶ ರಕ್ಷಣೆಗೆ ಕೇಂದ್ರದ ನಿಯಮವಿದೆಯಲ್ಲ’ ಎಂದು ಬಹಳ ಜನ ನಿಶ್ಚಿಂತರಾಗಿರುತ್ತಾರೆ. ಆ ನಿಶ್ಚಿಂತೆ ಸರಿಯಲ್ಲ. 2017ರ ಜೌಗು ಪ್ರದೇಶಗಳ ನಿಯಮಗಳು ಅತಿಕ್ರಮಣ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು ಎಲ್ಲವನ್ನೂ ನಿಷೇಧಿಸುತ್ತವೆ; ಹಿಂದಿನ ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್‌ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡ ಕೂಡದು ಎನ್ನುತ್ತವೆ. ಆದರೆ ಜೌಗು ಪ್ರದೇಶದ ವ್ಯಾಖ್ಯೆಯಿಂದ ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಮನುಷ್ಯರು ನಿರ್ಮಿಸಿದ ಜಲಾಶಯ, ನೀರಾವರಿಗೆಂದೇ ಕಟ್ಟಿದ ರಚನೆಗಳನ್ನು ಹೊರಗಿಟ್ಟಿವೆ. ಬಯಲುಸೀಮೆಯ ನಮ್ಮ ಕೆರೆಗಳಲ್ಲಿ ಬಹುಪಾಲು ಯಾವುವು? ನೀರಾವರಿಗೆಂದು ಏರಿ ಕಟ್ಟಿ ನಿಲ್ಲಿಸಿದವೇ.

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನೋಡಿ. ಅದೂ ನೀರಾವರಿಗಾಗಿ ಮಳೆನೀರು ನಿಲ್ಲಿಸಿದ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರಲ್ಲಿ ಅದೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ, ಅಘನಾಶಿನಿ ಅಳಿವೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲು 2022ರಲ್ಲಿ ರಂಗನತಿಟ್ಟು ಸೇರಿತ್ತು. ಪಟ್ಟಿಗೆ ಸೇರಿದ್ದರಿಂದ ಅವುಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದೇ ಬಗೆಯ ಏರಿ, ಅದೇ ಬಗೆಯ ತೂಬು ಇರುವ ನಿಮ್ಮೂರಿನ ಕೆರೆ ಪಟ್ಟಿಯಲ್ಲಿಲ್ಲ. ಉಪಗ್ರಹ ಚಿತ್ರಗಳಿಂದ ಗುರುತಿಸಿದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳಿಗೂ ರಕ್ಷಣೆಯ ತತ್ವ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ಐದು ಎಕರೆಯ ಕಟ್ಟೆ, ಮೂರು ಎಕರೆಯ ಕುಂಟೆ ಆ ಲೆಕ್ಕಕ್ಕೂ ಸಿಗುವುದಿಲ್ಲ.

ಆದ್ದರಿಂದ ಪುರಸಭೆಯ ಸದಸ್ಯರಿಗೆ ನಾನು ಹೇಳುವುದು, ದೆಹಲಿಯ ನಿಯಮಕ್ಕೆ ಮೊದಲು ನಮ್ಮದೇ ರಾಜ್ಯದ ಕಾಯ್ದೆಯನ್ನು ಕೈಗೆತ್ತಿಕೊಳ್ಳಿ ಎಂದು. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಸಂಬಂಧಿಸಿದ 2014ರ ಕಾಯ್ದೆ ‘ಕೆರೆ’ ಎಂಬ ಪದಕ್ಕೆ ಕೊಟ್ಟ ಅರ್ಥ ಬಹಳ ವಿಶಾಲವಾದದ್ದು. ಸುತ್ತಲಿನ ಜಲಾನಯನ, ರಾಜಕಾಲುವೆ, ನೀರು ಒಳಬರುವ ಹಾದಿ, ಏರಿ, ಕೋಡಿ, ತೂಬು, ಹೊರಹೋಗುವ ಕಾಲುವೆ ಎಲ್ಲವೂ ಸೇರಿ ಕೆರೆ. ಕಾಯ್ದೆಯನ್ನು ಬರೆದವರು ಇಲ್ಲಿ ಕೆರೆಯ ನೀರು ನೋಡಿಕೊಳ್ಳುತ್ತಿದ್ದ ಹಳೆಯ ನೀರುಗಂಟಿಯ ಕಣ್ಣಿನಿಂದ ನೋಡಿದ್ದಾರೆ. ನೀರುಗಂಟಿಗೆ ಕೆರೆ ಎಂದರೆ ನಿಂತ ನೀರಷ್ಟೇ ಆಗಿರಲಿಲ್ಲ. ಬರುವ ನೀರು, ಹೋಗುವ ನೀರು ಎರಡೂ ಅವನ ಹೊಣೆಯಾಗಿದ್ದವು. ಈ ವ್ಯಾಖ್ಯೆಯ ಪ್ರಕಾರ ಹಳ್ಳ ಮುಚ್ಚುವುದೂ ಒಂದೇ, ಕೆರೆ ಮುಚ್ಚುವುದೂ ಒಂದೇ.

ಕೆರೆಯ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಎಂಬುದು ಎಡೆಬಿಡದ ಜಗ್ಗಾಟ. ಬೆಂಗಳೂರಿನ ಮಟ್ಟಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತು. ಮಾಸ್ಟರ್ ಪ್ಲಾನ್ ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಪಡಿಸಿತು, ಯೋಜನೆಯ 30 ಮೀಟರ್ ಮತ್ತೆ ಬಂತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂಚನ್ನು ಕಿರಿದಾಗಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಚಿಕ್ಕ ಕೆರೆಗೇ ಹೆಚ್ಚು ಆಸರೆ ಬೇಕು, ನಾಲ್ಕು ಲೋಡು ಮಣ್ಣು ಬಿದ್ದರೆ ಅದು ಇಲ್ಲವಾಗುತ್ತದೆ. ಇಲ್ಲಿ ಪಟ್ಟಣದ ಜನಪ್ರತಿನಿಧಿಗಳು ತಿಳಿಯಬೇಕಾದದ್ದು ಏನೆಂದರೆ, ಆ 2019ರ ತೀರ್ಪು ಮಾಸ್ಟರ್ ಪ್ಲಾನ್‌ನ ತೂಕವನ್ನು ಎತ್ತಿ ಹೇಳಿತು. ನಿಮ್ಮ ಪಟ್ಟಣದ ಯೋಜನೆ ತಯಾರಾಗುವಾಗ ಆಕ್ಷೇಪಣೆ ಆಹ್ವಾನಿಸಿ ಕರಡು ಪ್ರಕಟವಾಗುತ್ತದೆ. ಆ ದಿನಗಳಲ್ಲಿ ಹಳ್ಳಕೊಳ್ಳಗಳನ್ನು ನಕ್ಷೆಯಲ್ಲಿ ಗುರುತಿಸಿಸಿ, ಅಂಚನ್ನು ಹಸಿರು ಪಟ್ಟಿಯಾಗಿ ಬರೆಸಿ. ಯೋಜನೆಯಲ್ಲಿ ಇಲ್ಲದ್ದನ್ನು ಆಮೇಲೆ ನ್ಯಾಯಾಲಯದಿಂದ ಪಡೆಯುವುದು ಕಷ್ಟ.

‘ನಮಗೆ ಎಲ್ಲಿದೆ ಅಧಿಕಾರ?’ ಎಂದು ಸದಸ್ಯರು ಕೇಳುತ್ತಾರೆ. ಅವರ ದೂರು ಪೂರ್ತಿ ಸುಳ್ಳಲ್ಲ. ಕೆರೆಯ ಅಂಗಳ ಕಂದಾಯ ಇಲಾಖೆಯದು. ಅಚ್ಚುಕಟ್ಟು, ಎಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್ ದಾಟಿದರೆ ಉಸ್ತುವಾರಿ ಸಣ್ಣ ನೀರಾವರಿಯದು. ಕೃಷಿ ಜಮೀನಿನ ಭೂಪರಿವರ್ತನೆ ಜಿಲ್ಲಾಧಿಕಾರಿಗಳದು, ಬಡಾವಣೆ ನಕ್ಷೆಯ ಅನುಮೋದನೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದ್ದು. ಸಂವಿಧಾನದ 12ನೇ ಅನುಸೂಚಿ ಪಟ್ಟಣ ಯೋಜನೆಯನ್ನೂ ಪರಿಸರ ರಕ್ಷಣೆಯನ್ನೂ ನಗರ ಸ್ಥಳೀಯ ಸಂಸ್ಥೆಗಳ 18 ವಿಷಯಗಳಲ್ಲಿ ಹೆಸರಿಸಿದ್ದರೂ, ಕೊಡುವ ಕೈ ಅರ್ಧ ಬಿಚ್ಚಿ ಅರ್ಧ ಮುಚ್ಚಿಕೊಂಡಿದೆ. ಇಷ್ಟಾದರೂ ಕಡತ ಪುರಸಭೆಯ ಮೇಜಿಗೆ ಬಾರದೆ ಇರುವುದಿಲ್ಲ. ಬಡಾವಣೆ ಮುಗಿದ ಮೇಲೆ ರಸ್ತೆ, ಚರಂಡಿ, ಉದ್ಯಾನಗಳನ್ನು ವಶಕ್ಕೆ ತೆಗೆದುಕೊಳ್ಳುವವರು ಇವರೇ. ಖಾತೆ ಕೊಡುವವರು ಇವರೇ. ಮನೆ ಕಟ್ಟಲು ಪರವಾನಗಿ ಕೊಡುವವರೂ ಇವರೇ. ಹಳ್ಳದ ಮೇಲಿನ ನಿವೇಶನಕ್ಕೆ ಖಾತೆ ಇಲ್ಲ ಎಂದು ಪುರಸಭೆ ಒಮ್ಮೆ ನಿಂತರೆ, ಆ ನಿವೇಶನ ಕೊಳ್ಳಲು ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಬೇರೆ ಯಾವ ಇಲಾಖೆಯ ನೋಟಿಸಿಗೂ ಇಷ್ಟು ಬೇಗ ಫಲ ಸಿಗುವುದನ್ನು ನಾನು ಕಂಡಿಲ್ಲ.

ನಕ್ಷೆ ನೋಡುವಾಗ ನಾನು ಮೊದಲು ಉದ್ಯಾನದ ಜಾಗವನ್ನು ಹುಡುಕುತ್ತೇನೆ. ಕಾನೂನಿಗೆ ತಕ್ಕಂತೆ ಉದ್ಯಾನಕ್ಕೆ ಜಾಗ ಬಿಟ್ಟಿರುತ್ತಾರೆ, ಆದರೆ ಎಲ್ಲಿ? ಹಳ್ಳದ ಪಾತ್ರದ ಮೇಲೆಯೇ, ನೀರು ನಿಲ್ಲುವ ತಗ್ಗಿನಲ್ಲಿ. ಸರ್ಕಾರದ ‘ಬಿ’ ಖರಾಬನ್ನು ತಮ್ಮ ಕೊಡುಗೆಯಂತೆ ತೋರಿಸಿ ಸರ್ಕಾರಕ್ಕೇ ಹಿಂತಿರುಗಿಸುವ ಉಪಾಯ. ಎರಡನೆಯದಾಗಿ ನೋಡುವುದು ರಸ್ತೆ ಹಳ್ಳವನ್ನು ದಾಟುವ ಜಾಗ. ಅಲ್ಲಿ ಎರಡು ಅಡಿ ವ್ಯಾಸದ ಸಿಮೆಂಟ್ ಪೈಪೊಂದನ್ನು ಬರೆದಿದ್ದರೆ ಲೆಕ್ಕ ಹಾಕಿ ತೋರಿಸುತ್ತೇನೆ: ಹನ್ನೆರಡು ಎಕರೆಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 24 ಲಕ್ಷ ಲೀಟರ್. ಹೊಲವಾಗಿದ್ದಾಗ ಅದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಕಾಂಕ್ರೀಟು, ತಾರಸಿ, ಡಾಂಬರು ಕುಡಿಯುವುದಿಲ್ಲ. ಮೇಲಿನ ಗುಡ್ಡದಿಂದ ಇಳಿಯುವ ನೀರನ್ನು ನಾನಿನ್ನೂ ಸೇರಿಸಿಲ್ಲ. ಆ ಪೈಪು ಕಟ್ಟಿಕೊಂಡ ರಾತ್ರಿ ನೀರು 41ನೇ ನಿವೇಶನದ ಅಡುಗೆಮನೆಗೆ ಹೋಗುತ್ತದೆ. ಆ ಮನೆಯವರು ಯಾವ ತಪ್ಪನ್ನೂ ಮಾಡಿದವರಲ್ಲ, ಜೀವಮಾನದ ಉಳಿತಾಯ ಕೊಟ್ಟು ನಿವೇಶನ ಕೊಂಡವರು.

ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕೆಲಸದ ಬಗೆಗೂ ಹೇಳಲೇಬೇಕು. ಅನುದಾನ ಬಂದ ಕೂಡಲೇ ಸುತ್ತ ವೃತ್ತಾಕಾರದ ದಂಡೆ, ಮೇಲೆ ನಡಿಗೆಪಥ, ಕಲ್ಲಿನ ಹೊದಿಕೆ, ದೀಪದ ಕಂಬ. ದಂಡೆಗೆ ಮಣ್ಣು ಕೆರೆಯ ಒಡಲಿನಿಂದಲೇ. ನಮ್ಮ ಹಿರಿಯರು ಕೆರೆಗೆ ಒಂದೇ ಕಡೆ ಏರಿ ಕಟ್ಟಿದರು. ಉಳಿದ ದಿಕ್ಕು ನೀರು ಬರಲು ತೆರೆದಿತ್ತು. ಆ ಮೇಲಂಚಿನ ಮೊಣಕಾಲುದ್ದದ ನೀರಿನಲ್ಲೇ ಜೊಂಡು, ಆಪು, ಮೀನಿನ ಮರಿ, ನೀರುಕೋಳಿಯ ಗೂಡು. ಮಳೆಯ ಜತೆ ಬರುವ ಹೂಳನ್ನು ತಡೆಯುವುದೂ ಅದೇ. ಅದನ್ನು ಅಗೆದು ಸುತ್ತ ದಂಡೆ ಎಬ್ಬಿಸಿದರೆ ಉಳಿಯುವುದು ನೀರಿನ ತೊಟ್ಟಿ, ಜೌಗಿನ ಜೀವವಲ್ಲ. ದಂಡೆಯ ಹೊರಗೆ ಸಿಕ್ಕಿಬಿದ್ದ ಕೆರೆ ಅಂಗಳದ ಗತಿಯೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರೇ ವರ್ಷದಲ್ಲಿ ಅಲ್ಲಿ ಶೆಡ್ಡು ಏಳುತ್ತದೆ. ಅಂದಾಜುಪಟ್ಟಿ ಸಭೆಗೆ ಬಂದಾಗ ಸದಸ್ಯರು ‘ನೀರು ಒಳಬರುವ ಕಡೆ ದಂಡೆ ಬೇಡ’ ಎಂಬ ಒಂದು ಸಾಲನ್ನು ನಡಾವಳಿಯಲ್ಲಿ ಬರೆಸಿದರೂ ದೊಡ್ಡ ಉಪಕಾರ.

ಇದೆಲ್ಲಕ್ಕಿಂತ ನೋವಿನ ಸಂಗತಿ ಕೊಳಚೆ. ಕೆರೆಯ ಕಾವಲುಗಾರನಾಗಬೇಕಾದ ಸಂಸ್ಥೆಯೇ ಅನೇಕ ಊರುಗಳಲ್ಲಿ ಕೆರೆಯನ್ನು ಕೆಡಿಸುವುದು ಇಲ್ಲಿ. ಒಳಚರಂಡಿ ಅರ್ಧ ಊರಿಗೆ, ಶುದ್ಧೀಕರಣ ಘಟಕ ಅರ್ಧ ಸಾಮರ್ಥ್ಯಕ್ಕೆ, ಮಿಕ್ಕಿದ್ದು ಹಳ್ಳಕ್ಕೆ. ಆನೇಕಲ್ ತಾಲ್ಲೂಕಿನ ಚಂದಾಪುರ ಕೆರೆಯ ದುಃಸ್ಥಿತಿಗಾಗಿ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಸುತ್ತಲಿನ ಪಟ್ಟಣಗಳ ಕೊಳಚೆ, ಕೈಗಾರಿಕೆಗಳ ತ್ಯಾಜ್ಯ ಸೇರಿ ಒಂದು ಕೆರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಆ ಮೊತ್ತವೇ ಅಳತೆ.

ಆ ಹತ್ತೊಂಬತ್ತನೆಯ ವಿಷಯ ಅಂದು ಮುಂದೂಡಲ್ಪಟ್ಟಿತು. ಮೂರು ತಿಂಗಳ ಎಳೆದಾಟದ ನಂತರ ಹನ್ನೆರಡು ನಿವೇಶನ ಕೈಬಿಟ್ಟು, ಹಳ್ಳ ತೆರೆದು, ಪೈಪಿನ ಬದಲು ಚೌಕದ ಮೋರಿ ಕಟ್ಟಿದ ನಕ್ಷೆ ಮತ್ತೆ ಬಂತು. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಮೋರಿಯ ಕೆಳಗೆ ನೀರು ಧಾರಾಳವಾಗಿ ಹರಿಯುತ್ತಿತ್ತು, ಆದರೆ ಅಂಚಿನಲ್ಲಿ ಕಪ್ಪು ನೊರೆ. ಮೇಲಿನ ಇನ್ನೊಂದು ಹಳೆಯ ಬಡಾವಣೆಯ ಕೊಳಚೆ ಕೊಳವೆಯನ್ನು ಯಾರೋ ಹಳ್ಳಕ್ಕೆ ತಿರುಗಿಸಿದ್ದರು. ಸದಸ್ಯೆಗೆ ಫೋನ್ ಮಾಡಿದೆ. ಅವರು ಆಗಲೇ ಫೋಟೊ ತೆಗೆಸಿ, ಮುಂದಿನ ಸಭೆಯ ವಿಷಯಪಟ್ಟಿಗೆ ಲಿಖಿತ ಸೂಚನೆ ಕೊಟ್ಟಿದ್ದರು. “ಈ ಸಲ ಊಟಕ್ಕೆ ಮೊದಲು ತೆಗೆದುಕೊಳ್ಳಿ ಎಂದು ಅಧ್ಯಕ್ಷರಿಗೆ ಹೇಳಿದ್ದೇನೆ” ಎಂದರು. ಗ್ರಾಮ ನಕ್ಷೆಯ ದೃಢೀಕೃತ ಪ್ರತಿಯನ್ನು ತರಲು ನನಗೆ ನೆನಪಿಸಿದರು.