ಹಾಡು ಸರಿಯಾಗಿದೆ, ತುಟಿ ಯಾಕೆ ಹೊಂದುತ್ತಿಲ್ಲ?

ಪ್ರಶ್ನೆ: ಕಾಲೇಜಿನ ಕೊನೇ ವರ್ಷದ ನೆನಪಿಗೆ ಅಂತ 3 ನಿಮಿಷದ ಹಾಡಿನ ವಿಡಿಯೊ ಮಾಡುತ್ತಿದ್ದೇವೆ. ಶೂಟಿಂಗ್ ದಿನ ಎಲ್ಲರೂ ಚೆನ್ನಾಗಿಯೇ ತುಟಿ ಆಡಿಸಿದ್ದರು. ಈಗ ಎಡಿಟಿಂಗ್‌ಗೆ ಕೂತರೆ ಮೊದಲ ಸಾಲು ಹೊಂದುತ್ತದೆ, ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ. ಎಲ್ಲಿ ತಪ್ಪಾಗಿದೆ?

ಮೊದಲ ಸಾಲು ಹೊಂದುತ್ತದೆ ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ತಪ್ಪು ತುಟಿ ಆಡಿಸಿದವರದ್ದಲ್ಲ. ಹಾಡಿನುದ್ದಕ್ಕೂ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ಕ್ಲಿಪ್ಪನ್ನು ಸ್ವಲ್ಪ ಸರಿಸಿದರೆ ಮುಗಿಯುತ್ತಿತ್ತು. ಹೋಗ್ತಾ ಹೋಗ್ತಾ ಅಂತರ ಜಾಸ್ತಿ ಆಗುತ್ತಿದೆ ಅಂದ್ರೆ ಚಿತ್ರ ಒಂದು ವೇಗದಲ್ಲಿ, ಹಾಡು ಇನ್ನೊಂದು ವೇಗದಲ್ಲಿ ಓಡುತ್ತಿದೆ.

ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಫೋನು. ಸೆಕೆಂಡಿಗೆ 30 ಫ್ರೇಮ್, ಅಂದ್ರೆ 30 ಬಿಡಿ ಚಿತ್ರ, ಅಂತ ನೀವು ಸೆಟ್ ಮಾಡಿದ್ದರೂ, ಬೆಳಕು ಕಡಿಮೆಯಾದಾಗ ಫೋನು ತಾನಾಗಿಯೇ ಆ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಇದು ಇಷ್ಟ ಆಗಲ್ಲ. ಎಡಿಟ್ ಶುರು ಮಾಡುವ ಮೊದಲೇ ಎಲ್ಲ ಕ್ಲಿಪ್‌ಗಳನ್ನೂ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಹಾಕಿ, 'ಕಾನ್‌ಸ್ಟಂಟ್ ಫ್ರೇಮ್‌ರೇಟ್' (ಫ್ರೇಮಿನ ಲೆಕ್ಕ ಉದ್ದಕ್ಕೂ ಒಂದೇ) ಆರಿಸಿ ಹೊರತೆಗೆಯಿರಿ. ಎರಡು, ಹಾಡಿನ ಫೈಲು. ಶೂಟಿಂಗ್ ದಿನ ಹಾಕಿದ್ದೊಂದು, ಆಮೇಲೆ ಗೆಳೆಯ ಮತ್ತೆ ಮಿಕ್ಸ್ ಮಾಡಿ ಕಳಿಸಿದ್ದೊಂದು. ವೇಗ ಶೇ 1ರಷ್ಟು ಬದಲಾದರೂ 3 ನಿಮಿಷದ ಕೊನೆಗೆ 1.8 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಹಾಡು ಪೂರ್ತಿ ಸಿದ್ಧವಾಗದೆ ಕ್ಯಾಮೆರಾ ತೆಗೆಯಲೇಬೇಡಿ.

ಮತ್ತೆ ಶೂಟ್ ಮಾಡಲು ಆಗಲ್ಲ ಅಂದ್ರೆ, ಕ್ಲಿಪ್ಪನ್ನು ಒಂದೊಂದು ಸಾಲಿಗೆ ಕತ್ತರಿಸಿ, ಪ್ರತಿ ಸಾಲಿನ ಶುರುವನ್ನೂ ಬೇರೆ ಬೇರೆ ಹೊಂದಿಸಿ. 6 ಸೆಕೆಂಡಿನ ಸಾಲಿನೊಳಗೆ ಆಗುವ ವ್ಯತ್ಯಾಸ ತೀರಾ ಸಣ್ಣದು. ನಡುವೆ ಗಿಟಾರ್ ಹಿಡಿದ ಕೈ, ಕೇಳುತ್ತಾ ಕೂತ ಗೆಳತಿಯ ಮುಖ ಹಾಕಿದರೆ ಜೋಡಣೆ ಕಾಣಿಸಲ್ಲ.

ಹೊಂದಿಸೋದು ಹೇಗೆ? ಇಲ್ಲಿ ನಮ್ಮ ಕನ್ನಡ ಅಕ್ಷರಮಾಲೆಯೇ ದೊಡ್ಡ ಸಹಾಯ. ಕ, ಗ, ಚ ಇವೆಲ್ಲ ಬಾಯೊಳಗೆ ಹುಟ್ಟುತ್ತವೆ, ಹೊರಗೆ ಅಷ್ಟಾಗಿ ಕಾಣಿಸಲ್ಲ. ಆದರೆ ಪವರ್ಗ ಹಾಗಲ್ಲ: ಪ, ಬ, ಮ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. 'ಮಳೆ' ಅನ್ನುವ ಪದ ಇದೆ ಅಂತಿಟ್ಟುಕೊಳ್ಳಿ. ಹಾಡಿನಲ್ಲಿ 'ಮ' ಕೇಳಿಸುವ ಜಾಗಕ್ಕೆ ಗುರುತು ಹಾಕಿ. ತುಟಿ ಮುಚ್ಚಿ ತೆರೆಯುವ ಫ್ರೇಮನ್ನು ಅಲ್ಲಿಗೆ ತನ್ನಿ. ಸಾಲಿಗೆ ಇಂಥ ಎರಡು ಅಕ್ಷರ ಕೂತರೆ ಉಳಿದದ್ದು ತಾನಾಗಿಯೇ ಕೂರುತ್ತದೆ. ಹಾಡನ್ನು ಮಾತ್ರ ಅಲುಗಾಡಿಸಬೇಡಿ, ಅದಕ್ಕೆ ಲಾಕ್ ಹಾಕಿ, ಚಿತ್ರವನ್ನಷ್ಟೇ ಸರಿಸಿ.

ಒಂದು ಫ್ರೇಮ್ ಆಚೀಚೆ ಅನುಮಾನ ಬಂದರೆ ಸದ್ದು ತುಸು ಹಿಂದೆ ಇರಲಿ. ದೂರದ ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ವಾ? ಕೈ ಮೊದಲು ಕಾಣಿಸುತ್ತದೆ, ಏಟಿನ ಸದ್ದು ಆಮೇಲೆ. ನಮ್ಮ ಕಣ್ಣು ಕಿವಿಗೆ ಅದು ಅಭ್ಯಾಸ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಸದ್ದು ಮುಂದೆ ಬಂದರೆ ಸುಮಾರು 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರ ತನಕ ಗೊತ್ತಾಗಲ್ಲ. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್.

ಇನ್ನು ಮುಂದಿನ ಸಲಕ್ಕೆ ಒಂದು ಮಾತು, ಇದನ್ನು ತುಂಬಾ ಕಾಳಜಿಯಿಂದ ಹೇಳುತ್ತಿದ್ದೇನೆ. ಹೇಗೂ ಹಾಡು ಆಮೇಲೆ ಹಾಕ್ತೀವಲ್ಲ ಅಂತ ಕ್ಯಾಮೆರಾದ ಮೈಕ್ ಆಫ್ ಮಾಡಬೇಡಿ. ಹಾಸ್ಟೆಲ್ ತಾರಸಿ ಮೇಲೆ ನಾವು ಹಾಗೆ ಮಾಡಿ, ನಲವತ್ತು ಕ್ಲಿಪ್‌ಗಳನ್ನು ಎರಡು ರಾತ್ರಿ ಕೂತು ಬರೀ ಕಣ್ಣಳತೆಯಲ್ಲಿ ಜೋಡಿಸಬೇಕಾಯಿತು. ಸ್ಪೀಕರ್‌ನಿಂದ ಬರುವ ಹಾಡು ಕ್ಯಾಮೆರಾದಲ್ಲೂ ದಾಖಲಾಗಿದ್ದರೆ, ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರ್ ಎರಡೂ ಸದ್ದಿನ ಅಲೆಗಳನ್ನು ಹೋಲಿಸಿ ತಾನೇ ಹೊಂದಿಸಿಕೊಡುತ್ತದೆ. ಸ್ಪೀಕರ್ ಹಾಡುವವರ ಹತ್ತಿರವೇ ಇರಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದ್ರೆ 14 ಮೀಟರ್ ದೂರಕ್ಕೇ ಒಂದು ಫ್ರೇಮ್ ತಡ.

ಮತ್ತೆ, ಸುಮ್ನೆ ತುಟಿ ಆಡಿಸಬೇಡಿ. ಜೋರಾಗಿ ಹಾಡಿ, ಅಪಸ್ವರ ಆದರೂ ಪರವಾಗಿಲ್ಲ, ಆ ದನಿಯನ್ನು ಯಾರೂ ಕೇಳಲ್ಲ. ವರ್ಷಗಟ್ಟಲೆ ರಾಜ್‌ಕುಮಾರ್ ಅವರ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ದನಿ ಇತ್ತು, ನೋಡುವಾಗ ಇಬ್ಬರು ಅಂತ ಅನ್ನಿಸಲೇ ಇಲ್ಲ. ಆ ಕ್ಲೋಸಪ್‌ಗಳನ್ನು ಸದ್ದು ತೆಗೆದು ನೋಡಿ: ಉಸಿರು, ಹುಬ್ಬು ಎಲ್ಲ ಹಾಡಿನ ಜೊತೆಗೇ ಇರುತ್ತವೆ. ಗಂಟಲು ಅಲುಗದಿದ್ದರೆ ತುಟಿ ಎಷ್ಟು ಸರಿಯಾಗಿ ಕೂತರೂ ಸುಳ್ಳು ಅನ್ನಿಸುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡುವಾಗ ಬ್ಲೂಟೂತ್ ಇಯರ್‌ಫೋನ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರಬಹುದು, ಸರಿಯಾಗಿ ಕೂತಿದ್ದನ್ನು ನೀವೇ ಮತ್ತೆ ಸರಿಸಿಬಿಡುತ್ತೀರಿ. ವೈರ್ ಇರುವ ಇಯರ್‌ಫೋನ್ ಹಾಕಿ, ಕೊನೇ ಸಾಲಿನ 'ಮ'ದಿಂದ ಶುರು ಮಾಡಿ ನೋಡಿ.