ಪದ ಪರಿಚಯ: ಪಾಸರ್ ರೇಟಿಂಗ್

‘ಅವನ ಕ್ವಾರ್ಟರ್‌ಬ್ಯಾಕ್ ರೇಟಿಂಗ್ 100 ದಾಟಿದೆ, ಇನ್ನೇನು ಬೇಕು?’ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಚರ್ಚೆಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದಲ್ಲಿ ಚೆಂಡು ಎಸೆಯುವ ಮುಖ್ಯ ಆಟಗಾರ. 1973ರಲ್ಲಿ ಲೀಗ್ ಜಾರಿಗೆ ತಂದ ಈ ಲೆಕ್ಕದ ಹೆಸರು ಪಾಸರ್ ರೇಟಿಂಗ್. ಪಾಸರ್ ಎಂದರೆ ಚೆಂಡು ಎಸೆದವನು, ಅಷ್ಟೇ. ಟ್ರಿಕ್ ಪ್ಲೇನಲ್ಲಿ (ಎದುರಾಳಿಯನ್ನು ಏಮಾರಿಸುವ ಆಟದಲ್ಲಿ) ರಿಸೀವರ್, ಅಂದರೆ ಚೆಂಡು ಹಿಡಿಯಬೇಕಾದವನೇ, ಎಸೆದರೆ ಅವನಿಗೂ ಇದನ್ನು ಲೆಕ್ಕ ಹಾಕಬಹುದು. ಹೆಸರು ಬದಲಿಸಿದ ಕೂಡಲೇ ಎಸೆತದ ಅಂಕ ಆಟಗಾರನ ಅಂಕವಾಗಿಬಿಡುತ್ತದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲಿ.

ಎಸೆತಗಳಲ್ಲಿ ಎಷ್ಟು ಕೈಸೇರಿದವು, ಎಸೆತಕ್ಕೆ ಎಷ್ಟು ಗಜ, ಎಷ್ಟು ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ಗಳಿಸುವುದು), ಎಷ್ಟು ಇಂಟರ್‌ಸೆಪ್ಷನ್ (ಎಸೆತ ಎದುರಾಳಿಯ ಕೈಸೇರುವುದು): ಈ ನಾಲ್ಕಕ್ಕೂ ತಲಾ 0ಯಿಂದ 2.375ರವರೆಗೆ ಅಂಕ. ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಬೇಕು. ಗರಿಷ್ಠ 158.3 ಎಂಬ ವಿಚಿತ್ರ ಸಂಖ್ಯೆ ಬರುವುದು ಹೀಗೆ.

ಥರ್ಡ್ ಡೌನ್, ಅಂದರೆ 10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು; ಇನ್ನೂ ಬೇಕಾದದ್ದು 8 ಗಜ. ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿದ್ದವನಿಗೆ ಮೆಲ್ಲಗೆ ಎಸೆದು 1 ಗಜ ಗಳಿಸಿದ. ತಂಡ ಪಂಟ್ ಮಾಡಿತು, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಿತು. ಆ ಒಂದೇ ಎಸೆತದ ರೇಟಿಂಗ್ 79.2! ಅದೇ ಸನ್ನಿವೇಶದಲ್ಲಿ 20 ಗಜ ದೂರಕ್ಕೆ ಧೈರ್ಯದಿಂದ ಎಸೆದದ್ದು ರಿಸೀವರ್‌ನ ಕೈಜಾರಿ ಬಿದ್ದರೆ 39.6. ಚೆಂಡು ಹಿಡಿದುಕೊಂಡೇ ನಿಂತು ಸ್ಯಾಕ್ ಆಗಿ (ಎಸೆಯುವ ಮೊದಲೇ ಎದುರಾಳಿ ಕೆಡವಿ) 9 ಗಜ ಕಳೆದರೆ ರೇಟಿಂಗ್‌ನ ಪಾಲಿಗೆ ಅದು ನಡೆದೇ ಇಲ್ಲ. ಫಂಬಲ್, ಅಂದರೆ ಕೈಯಲ್ಲಿದ್ದ ಚೆಂಡು ಜಾರಿಹೋಗುವುದು, ಕೂಡ ಲೆಕ್ಕಕ್ಕಿಲ್ಲ.

ಓಟವೂ ಇಲ್ಲ. ಕ್ವಾರ್ಟರ್‌ಬ್ಯಾಕ್ ಜಾಶ್ ಅಲನ್ 2018ರಲ್ಲಿ, ತನ್ನ ಮೊದಲ ಸೀಸನ್‌ನಲ್ಲಿ, 631 ಗಜ ಓಡಿ 8 ಟಚ್‌ಡೌನ್ ಗಳಿಸಿದ, ಅವನ 67.9ರ ರೇಟಿಂಗ್‌ನಲ್ಲಿ ಅದರ ಸುಳಿವೇ ಇಲ್ಲ. ಹಾಗೆಂದು ಆ ಸಂಖ್ಯೆ ಸುಳ್ಳೂ ಅಲ್ಲ: ಎಸೆತಗಳಲ್ಲಿ ಕೈಸೇರಿದ್ದು ಶೇ. 52.8 ಮಾತ್ರ. 2020ರಲ್ಲಿ ಅದು ಶೇ. 69.2ಕ್ಕೆ, ರೇಟಿಂಗ್ 107.2ಕ್ಕೆ ಏರಿತು. ಎಸೆತ ಪಳಗಿದ್ದನ್ನು ಅದು ಸರಿಯಾಗಿಯೇ ಹಿಡಿಯಿತು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರೆ ಒಳ್ಳೆಯ ಅಳತೆಗೋಲು.

ಇನ್ನೊಂದು ತಪ್ಪು, ಕಾಲ ಮೀರಿದ ಹೋಲಿಕೆ. ಸೂತ್ರ ಕಟ್ಟಿದಾಗ ಸರಾಸರಿ ಆಟಕ್ಕೆ 66.7 ಬರುವಂತೆ ಕಟ್ಟಿದ್ದರು. ಇಂದು ಲೀಗ್ ಸರಾಸರಿಯೇ 90ರ ಆಸುಪಾಸು. 1970ರ ದಶಕದವನ ಪಕ್ಕ ಇಂದಿನವನ 92 ಇಟ್ಟು ‘ಇವನೇ ಮೇಲು’ ಅನ್ನುವುದು ಅನ್ಯಾಯ.

ಸ್ಯಾಕ್ ಸೇರಿದ ಲೆಕ್ಕ ಬೇಕಿದ್ದರೆ ಹೀಗೆ ಮಾಡಿ: ಪಾಸಿಂಗ್ ಗಜಗಳಿಗೆ ಪ್ರತಿ ಟಚ್‌ಡೌನ್‌ಗೆ 20 ಕೂಡಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 45 ಕಳೆಯಿರಿ, ಸ್ಯಾಕ್‌ನಲ್ಲಿ ಹೋದ ಗಜಗಳನ್ನೂ ಕಳೆಯಿರಿ. ಎಸೆತ ಮತ್ತು ಸ್ಯಾಕ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ. ಮೇಲಿನ 9 ಗಜದ ಸ್ಯಾಕ್ ಇಲ್ಲಿ ತಪ್ಪಿಸಿಕೊಳ್ಳುವುದಿಲ್ಲ.